ಒಂದು ಬ್ಯಾಂಕು, ಒಂದು ಫೋನು: ಬ್ರಿಟನ್ನಿನ ‘ಬಿ’ ಸಿನಿಮಾ ಹುಟ್ಟಿದ ಕತೆ

ಕ್ರಿಸ್‌ಮಸ್ ಹತ್ತಿರ ಬಂದಿದೆ. ಸಣ್ಣ ಊರಿನ ಬ್ಯಾಂಕು. ಮ್ಯಾನೇಜರ್ ಫೋರ್ಡೈಸ್ ಮಹಾ ಶಿಸ್ತಿನ ಮನುಷ್ಯ. 10 ಪೌಂಡಿನ ತಪ್ಪು ಹಿಡಿದುಕೊಂಡು ಗುಮಾಸ್ತನ ಜೀವ ಹಿಂಡುತ್ತಿದ್ದಾನೆ. ಅಷ್ಟರಲ್ಲಿ ವಿಮಾ ಕಂಪನಿಯವನು ಅಂತ ಹೇಳಿಕೊಂಡು ನಗುಮುಖದವನೊಬ್ಬ ಬರುತ್ತಾನೆ. ಫೋನಿನಲ್ಲಿ ಫೋರ್ಡೈಸ್‌ನ ಹೆಂಡತಿಯ ದನಿ. ಹೆಂಡತಿ, ಮಗ ಉಳಿಯಬೇಕಾದರೆ ಫೋರ್ಡೈಸ್ ತನ್ನ ಕೈಯಾರೆ ತಿಜೋರಿ ಖಾಲಿ ಮಾಡಿಕೊಡಬೇಕು!

ಇದು ಬ್ರಿಟನ್ನಿನ ಹ್ಯಾಮರ್ ಸಿನಿಮಾ ಕಂಪನಿಯ ‘ಕ್ಯಾಶ್ ಆನ್ ಡಿಮ್ಯಾಂಡ್’, 1961ರದ್ದು. ‘ಬಿ’ ಸಿನಿಮಾ, ಅಂದರೆ ದೊಡ್ಡ ಚಿತ್ರದ ಜೊತೆಗೆ ತೋರಿಸುವ ಅಗ್ಗದ ಸಣ್ಣ ಚಿತ್ರ. ಹೆಚ್ಚುಕಮ್ಮಿ ಇಡೀ ಕತೆ ಬ್ಯಾಂಕಿನೊಳಗೇ ನಡೆಯುತ್ತದೆ. ಫೋರ್ಡೈಸ್ ಪಾತ್ರದ ಪೀಟರ್ ಕುಶಿಂಗ್ ಮುಖ ನೋಡುತ್ತಾ ಕೂತರೆ ಸಾಕು, ನಮಗೇ ಬೆವರು ಬರುತ್ತದೆ. ಇಷ್ಟು ಕಮ್ಮಿ ದುಡ್ಡಿನ ಸಿನಿಮಾ ಇಷ್ಟು ಬಿಗಿಯಾಗಿರುವುದು ಸುಮ್ನೆ ಆದದ್ದಲ್ಲ.

ಇದರ ಬೇರು 1927ರ ಒಂದು ಕಾನೂನಿನಲ್ಲಿದೆ. ಆಗ ಬ್ರಿಟನ್ನಿನ ಥಿಯೇಟರುಗಳಲ್ಲಿ ಹಾಲಿವುಡ್ಡಿನದೇ ಕಾರುಬಾರು. ಹಂಚಿಕೆದಾರರೂ ಥಿಯೇಟರಿನವರೂ ಇಂತಿಷ್ಟು ಬ್ರಿಟಿಷ್ ಚಿತ್ರ ತೆಗೆದುಕೊಳ್ಳಲೇಬೇಕು ಅಂತ ಸರ್ಕಾರ ಕಟ್ಟುಮಾಡಿತು. ಅಮೆರಿಕನ್ ಕಂಪನಿಗಳು ಲೆಕ್ಕ ತುಂಬಿಸಲು ಅಗ್ಗದ ಚಿತ್ರ ಮಾಡಿಸಿದವು. ಒಂದು ಅಡಿ ಫಿಲ್ಮಿಗೆ ಸುಮಾರು ಒಂದು ಪೌಂಡ್ ಖರ್ಚು! ಜನ ಇವಕ್ಕೆ ‘ಕೋಟಾ ಕ್ವಿಕೀ’, ಅಂದರೆ ಕೋಟಾ ತುಂಬಿಸಲು ಬೇಗಬೇಗ ಸುತ್ತಿದ ಚಿತ್ರ, ಅಂದರು. 1938ರ ಕಾನೂನು ಕನಿಷ್ಠ ಖರ್ಚು ಗೊತ್ತುಮಾಡಿ ಇದಕ್ಕೆ ಕಡಿವಾಣ ಹಾಕಿತು.

ಆದರೆ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ನೋಡುವ ರೂಢಿ ಹೋಗಲಿಲ್ಲ. ದೊಡ್ಡ ಚಿತ್ರದ ಜೊತೆಗೆ ಸುಮಾರು ಒಂದು ಗಂಟೆಯ ಸಣ್ಣ ಚಿತ್ರ ಬೇಕೇ ಬೇಕು. 1950ರಿಂದ ಟಿಕೆಟ್ ದುಡ್ಡಿನ ಒಂದು ಪಾಲು ‘ಈಡಿ ಲೆವಿ’ ಹೆಸರಿನಲ್ಲಿ ಬ್ರಿಟಿಷ್ ನಿರ್ಮಾಪಕರಿಗೆ ಹಿಂತಿರುಗತೊಡಗಿತು.

ಈ ಸಣ್ಣ ಚಿತ್ರಗಳಲ್ಲಿ ಅಪರಾಧ ಕತೆಗಳೇ ಯಾಕೆ ಜಾಸ್ತಿ? ಖರ್ಚು ಕಮ್ಮಿ, ಅಷ್ಟೇ. ಒಂದು ಆಫೀಸು, ಒಂದು ಫೋನು, ಮಳೆಯಲ್ಲಿ ನೆನೆದ ಒಂದು ಬೀದಿ ಇದ್ದರೆ ಆಯಿತು. ಸೆಟ್ಟಿನ ಬಡತನವನ್ನು ಕತ್ತಲೆ ಮುಚ್ಚಿಡುತ್ತದೆ. ಲಂಡನ್ನಿನ ಮರ್ಟನ್ ಪಾರ್ಕ್ ಸ್ಟುಡಿಯೋ ಒಂದೇ 1960ರ ದಶಕದ ಮೊದಲ ಅರ್ಧದಲ್ಲಿ ಪತ್ತೇದಾರಿ ಕತೆಗಾರ ಎಡ್ಗರ್ ವ್ಯಾಲೇಸ್ ಹೆಸರಿನಲ್ಲಿ 40ಕ್ಕೂ ಹೆಚ್ಚು ಇಂಥ ಚಿತ್ರ ತಯಾರಿಸಿತು.

ಕೊನೆಗೆ ಟಿವಿ ಈ ಜಾಗವನ್ನು ನುಂಗಿತು. ‘ಕ್ಯಾಶ್ ಆನ್ ಡಿಮ್ಯಾಂಡ್’ ಕೂಡ ಮೊದಲು 1960ರ ಟಿವಿ ನಾಟಕ. ನಿರ್ದೇಶಕ ಕ್ವೆಂಟಿನ್ ಲಾರೆನ್ಸ್, ಕಳ್ಳನ ಪಾತ್ರದ ಆಂದ್ರೆ ಮೊರೆಲ್ ಇಬ್ಬರೂ ಅಲ್ಲಿಂದಲೇ ಬಂದವರು. ಸಿನಿಮಾ ತಯಾರಾದರೂ ಬ್ರಿಟನ್ನಿನಲ್ಲಿ ತೆರೆಕಂಡದ್ದು 1963ರಲ್ಲಿ. ಅದೂ ಕತ್ತರಿಸಿ 66 ನಿಮಿಷಕ್ಕೆ ಇಳಿಸಿ, ಜೊತೆ ಚಿತ್ರವಾಗಿ. ನನಗೆ ಇದು ತುಂಬಾ ಬೇಜಾರಿನ ಸಂಗತಿ. ನೋಡುವುದಾದರೆ ಪೂರ್ತಿ ಉದ್ದದ್ದನ್ನೇ ಹುಡುಕಿ ನೋಡಿ.