ಪಾಪಾಸುಕಳ್ಳಿ ರಾತ್ರಿ ಹೊತ್ತು ಅಡುಗೆ ಮಾಡುತ್ತಾ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಪಾಪಾಸುಕಳ್ಳಿ ಇದೆ. ಏಪ್ರಿಲ್ ಬಿಸಿಲಿಗೆ ಸುತ್ತಲಿನ ಹುಲ್ಲೆಲ್ಲ ಒಣಗಿದರೂ ಅದು ಹಸಿರಾಗೇ ಇರುತ್ತೆ. ಕಳ್ಳಿ ರಾತ್ರಿ ಗಾಳಿ ಎಳೆದುಕೊಳ್ಳುತ್ತಂತೆ ಅಂತ ಮಗಳು ಹೇಳ್ತಾಳೆ. ಬಿಸಿಲೇ ಇಲ್ಲದೆ ಅದು ಆಹಾರ ಹೇಗೆ ತಯಾರಿಸುತ್ತೆ?
– ಬಾಗೇಪಲ್ಲಿಯ ಓದುಗರೊಬ್ಬರು

ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಕಳ್ಳಿ ರಾತ್ರಿ ಆಹಾರ ತಯಾರಿಸುವುದಿಲ್ಲ. ರಾತ್ರಿ ಸಾಮಾನು ತಂದಿಟ್ಟುಕೊಂಡು, ಹಗಲು ಒಲೆ ಹಚ್ಚುತ್ತದೆ.

ಗಿಡಕ್ಕೆ ಸಕ್ಕರೆ ಮಾಡಲು ಬೇಕಾದದ್ದು ನೀರು, ಬೆಳಕು, ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್. ಗಾಳಿ ಒಳಗೆ ಬರಲು ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ತೊಂದರೆ ಇರುವುದು ಇಲ್ಲೇ. ಗಾಳಿ ಬರುವ ಬಾಗಿಲಲ್ಲೇ ನೀರಿನ ಆವಿ ಹೊರಗೆ ಹೋಗುತ್ತದೆ. ಭತ್ತದಂಥ ಬೆಳೆ 1 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಿಡಿಯಲು ಸುಮಾರು 400–500 ಗ್ರಾಂ ನೀರು ಕಳೆದುಕೊಳ್ಳುತ್ತದೆ. ಕಳ್ಳಿಗೆ 50–100 ಗ್ರಾಂ ಸಾಕು. ವರ್ಷವಿಡೀ ಹರಿಯುವ ಹೊಳೆ ಇಲ್ಲದ ನಮ್ಮ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಕಳ್ಳಿ ಮಾಡುವುದೇನೆಂದರೆ, ಬಿಸಿಲಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತದೆ. ಹೊತ್ತು ಮುಳುಗಿ ತಂಪಾದ ಮೇಲೆ ತೆರೆಯುತ್ತದೆ. ಆಗ ಒಳಗೆ ಬಂದ ಕಾರ್ಬನ್ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿಸಿ, ಜೀವಕೋಶಗಳ ಒಳಗಿನ ರಸದಾನಿಯಲ್ಲಿ ತುಂಬಿಡುತ್ತದೆ. ಸೇಬಿಗೆ ಹುಳಿ ಕೊಡುವುದೂ ಇದೇ ಆಮ್ಲ. ಬೆಳಗಾದರೆ ಬಾಗಿಲು ಬಂದ್. ಕೂಡಿಟ್ಟ ಆಮ್ಲ ಒಡೆದು ಕಾರ್ಬನ್ ಡೈಆಕ್ಸೈಡ್ ಗಿಡದ ಒಳಗೇ ಬಿಡುಗಡೆಯಾಗುತ್ತದೆ. ಬಿಸಿಲಿನ ಬಲದಿಂದ ಅದು ಸಕ್ಕರೆಯಾಗುತ್ತದೆ.

ಇದನ್ನು ನಾಲಿಗೆಯಲ್ಲೇ ತಿಳಿಯಬಹುದು! ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ ಕೆಲಕಾಲ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡವನು. ಭಾರತದಲ್ಲಿದ್ದಾಗ ಅವನು ಕಾಡುಬಸಳೆಯ ಎಲೆ ಅಗಿದು ನೋಡಿದ. ಅದೇ, ಬಿದ್ದ ಎಲೆಯ ಅಂಚಲ್ಲೇ ಮರಿ ಗಿಡ ಹುಟ್ಟುತ್ತದಲ್ಲ, ಅದು. ಬೆಳಗ್ಗೆ ತುಂಬ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ. ಇದನ್ನು ಅವನು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಬರೆದು ತಿಳಿಸಿದ, 1815ರಲ್ಲಿ ಅಚ್ಚಾಯಿತು. ಎಷ್ಟೋ ಕಾಲದ ಮೇಲೆ ವಿಜ್ಞಾನಿಗಳು ಈ ವಿಧಾನಕ್ಕೆ 'ಕ್ಯಾಮ್' (CAM, ಅಂದರೆ ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಂ) ಎಂದು ಹೆಸರಿಟ್ಟಾಗ, ಅದರ ಮೊದಲ ಅಕ್ಷರ ಬಂದದ್ದು ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸಿಯಿಂದಲೇ. ನನಗೆ ಇದು ಬಹಳ ಇಷ್ಟವಾದ ಸಂಗತಿ. ನಮ್ಮ ಹಿತ್ತಲಿನ ಗಿಡ, ಒಬ್ಬನ ನಾಲಿಗೆ, ಅಷ್ಟೇ ಸಾಕಾಯಿತು. ಮಗಳ ಜೊತೆ ನೀವೂ ನೋಡಿ. ಬೆಳಗ್ಗೆ ಆರಕ್ಕೆ ಒಂದು ಚೂರು, ಸಂಜೆ ನಾಲ್ಕಕ್ಕೆ ಇನ್ನೊಂದು. ನಾಲಿಗೆಗೆ ತಾಗಿಸಿ ಉಗಿದುಬಿಡಿ. ನುಂಗಬೇಡಿ, ಆ ಎಲೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ಅಂಶಗಳಿವೆ.

ಕಳ್ಳಿಯಲ್ಲಿ ನಾವು ಎಲೆ ಅಂದುಕೊಳ್ಳುವ ದಪ್ಪ ಹಲಗೆ ನಿಜಕ್ಕೂ ಕಾಂಡ. ಎಲೆಗಳು ಮುಳ್ಳಾಗಿವೆ. ಹಸಿರು ಕಾಂಡವೇ ಆಹಾರ ಮಾಡುತ್ತದೆ, ನೀರನ್ನೂ ಹಿಡಿದಿಡುತ್ತದೆ, ಮೇಲಿನ ಮೇಣದ ಪದರ ಆವಿಯನ್ನು ತಡೆಯುತ್ತದೆ. ಇದರ ತವರು ಅಮೆರಿಕ ಖಂಡ. ನಮ್ಮ ಕಡೆಯದ್ದು ಮರುಭೂಮಿ ಅಲ್ಲ, ಆದರೂ ಅಲ್ಲಿ ಕಲಿತ ವಿದ್ಯೆ ಇಲ್ಲಿನ ಬೇಸಿಗೆಗೆ ಚೆನ್ನಾಗಿ ಒದಗಿದೆ.

ಚಿಂತಾಮಣಿ ಪೇಟೆಯಲ್ಲಿ ಅಂಗಡಿ ಬಾಗಿಲಿಗೆ ದೃಷ್ಟಿಗೆಂದು ಲೋಳೆಸರವನ್ನು ತಲೆಕೆಳಗಾಗಿ ಕಟ್ಟಿರುವುದನ್ನು ನೋಡಿರುತ್ತೀರಿ. ಮಣ್ಣಿಲ್ಲ, ನೀರಿಲ್ಲ, ಆದರೂ ಎಷ್ಟೋ ದಿನ ಹಸಿರಾಗೇ ತೂಗುತ್ತಿರುತ್ತದೆ. ಅದೂ ಕ್ಯಾಮ್ ಗಿಡವೇ. ಒಳಗಿನ ಲೋಳೆಯಲ್ಲಿ ನೀರಿದೆ, ಹಗಲು ಬಾಗಿಲು ಮುಚ್ಚಿದೆ. ತೀರಾ ಬರ ಬಂದಾಗ ಕಳ್ಳಿಗಳು ರಾತ್ರಿಯೂ ಬಾಗಿಲು ತೆರೆಯದೆ, ತಮ್ಮ ಉಸಿರಾಟದಿಂದ ಒಳಗೇ ಬಂದ ಕಾರ್ಬನ್ ಡೈಆಕ್ಸೈಡನ್ನೇ ತಿರುಗಿ ಬಳಸಿಕೊಳ್ಳುತ್ತವೆ. ಬೆಳೆಯುವುದಿಲ್ಲ, ಸುಮ್ನೆ ಜೀವ ಹಿಡಿದುಕೊಂಡಿರುತ್ತವೆ. ಮಾಮೂಲಿ ದಿನಗಳಲ್ಲೂ ಕ್ಯಾಮ್ ಗಿಡಗಳು ಸಾಮಾನ್ಯವಾಗಿ ನಿಧಾನವೇ. ರಾತ್ರಿ ಎಷ್ಟು ಆಮ್ಲ ತುಂಬಿಡಲು ಜಾಗವಿದೆಯೋ ಹಗಲಿನ ಅಡುಗೆಯೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಬದುವಿನ ಆಚೆ ಇರುವ ರಾಗಿ? ನಾಲ್ಕೈದು ತಿಂಗಳಲ್ಲಿ ತೆನೆ ಕಟ್ಟಬೇಕಾದ ಬೆಳೆಗೆ ಈ ನಿಧಾನ ಆಗಿಬರುವುದಿಲ್ಲ. ಅದು ಹಗಲೇ ಬಾಗಿಲು ತೆರೆಯುತ್ತದೆ, ಆದರೆ ಕೆಲಸವನ್ನು ಎರಡು ಕೋಣೆಗೆ ಹಂಚುತ್ತದೆ. ಸಕ್ಕರೆ ಮಾಡುವ ರುಬಿಸ್ಕೊ ಎಂಬ ಕಿಣ್ವಕ್ಕೆ ಸೆಖೆ ಜಾಸ್ತಿಯಾದರೆ ಒಂದು ದೋಷ. ಕಾರ್ಬನ್ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚಾಗುತ್ತದೆ, ಮಾಡಿದ ಕೆಲಸ ದಂಡವಾಗುತ್ತದೆ. ರಾಗಿಯಲ್ಲಿ ಹೊರಗಿನ ಕೋಶಗಳು ಬೇರೊಂದು ಕಿಣ್ವದಿಂದ ಕಾರ್ಬನ್ ಡೈಆಕ್ಸೈಡ್ ಹಿಡಿದು, ಎಲೆಯ ನರದ ಸುತ್ತ ಇರುವ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಅದು ದಟ್ಟವಾಗಿರುವುದರಿಂದ ರುಬಿಸ್ಕೊ ಎಡವುವುದು ಕಡಿಮೆ. ಕಳ್ಳಿ ರಾತ್ರಿ ಬಳಸುವುದೂ ಅದೇ ಜಾತಿಯ ಕಿಣ್ವ. ಜೋಳ, ಮುಸುಕಿನ ಜೋಳ, ಕಬ್ಬು ಕೂಡ ಇದೇ ದಾರಿ ಹಿಡಿದಿವೆ, ಇದಕ್ಕೆ ಸಿ4 ಎನ್ನುತ್ತಾರೆ. ಅದೇ ಹೊಲದ ಕಡಲೆಕಾಯಿಗೂ ಹುರುಳಿಗೂ ಈ ಎರಡರಲ್ಲಿ ಯಾವುದೂ ಇಲ್ಲ. ಎಲೆಯ ಲೆಕ್ಕದಲ್ಲಿ ಅವು ಭತ್ತದ ಸಾಲಿಗೇ ಸೇರುತ್ತವೆ. ಕಡಲೆಕಾಯಿ ಮಳೆ ಕೈಕೊಟ್ಟಾಗ ತಡೆದುಕೊಳ್ಳುವುದು ಹೆಚ್ಚಾಗಿ ಆಳಕ್ಕೆ ಇಳಿಯುವ ತಾಯಿಬೇರಿನಿಂದ.