ಕಟ್ಟಿಗೆ ಉರಿಸಿದರೂ ಇಂಗಾಲದ ಲೆಕ್ಕ ಸೊನ್ನೆಯೇ?

ಪ್ರಶ್ನೆ: ಕಲ್ಲಿದ್ದಲು ಬಿಟ್ಟು ಕಟ್ಟಿಗೆ ಉರಿಸಿದರೂ ಚಿಮಣಿಯಿಂದ ಇಂಗಾಲದ ಡೈಆಕ್ಸೈಡ್ ಬಂದೇ ಬರುತ್ತದಲ್ಲ? ಮತ್ತೆ ಅದು ಹಸಿರು ವಿದ್ಯುತ್ ಹೇಗಾಯಿತು?

ಬರುತ್ತದೆ. ಅದೂ ತುಸು ಹೆಚ್ಚೇ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ ಕೋಷ್ಟಕದ ಪ್ರಕಾರ ಒಂದು ಗಿಗಾಜೂಲ್ ಶಾಖಕ್ಕೆ ಕಲ್ಲಿದ್ದಲು ಸುಮಾರು 95 ಕಿಲೋ ಡೈಆಕ್ಸೈಡ್ ಬಿಟ್ಟರೆ, ಕಟ್ಟಿಗೆ ಬಿಡುವುದು 112 ಕಿಲೋ. ಆದರೆ ದೇಶಗಳು ಇಡುವ ಇಂಗಾಲದ ಲೆಕ್ಕದಲ್ಲಿ, ಮರ ಕಡಿದಾಗಲೇ ಆ ಇಂಗಾಲ ಕಾಡಿನ ಖಾತೆಯಲ್ಲಿ ಖರ್ಚಾಗಿ ಬರೆಯಲ್ಪಟ್ಟಿರುತ್ತದೆ. ಎರಡು ಸಲ ಎಣಿಸಬಾರದೆಂದು ವಿದ್ಯುತ್ ಖಾತೆಯಲ್ಲಿ ಸೊನ್ನೆ ಹಾಕುತ್ತಾರೆ. ಕಡಿದ ದೇಶ ಒಂದು, ಉರಿಸಿದ ದೇಶ ಇನ್ನೊಂದಾದಾಗ ಈ ಸೊನ್ನೆ ಕಣ್ಣಿಗೆ ಮಣ್ಣೆರಚುತ್ತದೆ.

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿರುವ ಡ್ರಾಕ್ಸ್ ವಿದ್ಯುತ್ ಸ್ಥಾವರವನ್ನೇ ನೋಡಿ. ಅಲ್ಲಿದ್ದ ಆರು ಕಲ್ಲಿದ್ದಲು ಘಟಕಗಳಲ್ಲಿ ನಾಲ್ಕನ್ನು 2013ರಿಂದ 2018ರೊಳಗೆ ಕಟ್ಟಿಗೆಗೆ ಬದಲಾಯಿಸಿದರು. ಉರಿಸುವುದು ಸೌದೆಯನ್ನಲ್ಲ, ಪೆಲೆಟ್. ಮರದ ಹುಡಿಯನ್ನು ಒಣಗಿಸಿ, ಒತ್ತಿ ಮಾಡಿದ, ಕಿರುಬೆರಳಿಗಿಂತ ಸಣ್ಣ ತುಂಡು. ಮುಟ್ಟಿದರೆ ನುಣುಪು, ಗಟ್ಟಿ. ಒಂದು ಲೋಟ ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೇ ಉಬ್ಬಿ, ಬಿರಿದು ಮತ್ತೆ ಹುಡಿ. ಬದಲಾವಣೆಯ ಖರ್ಚು ಏರುವುದು ಇಲ್ಲೇ. ಕಲ್ಲಿದ್ದಲು ಮಳೆಯಲ್ಲಿ ಬಯಲಲ್ಲೇ ಬಿದ್ದಿರಬಹುದು. ಪೆಲೆಟ್‌ಗೆ ದೊಡ್ಡ ಗುಮ್ಮಟಗಳು, ಮುಚ್ಚಿದ ರೈಲು ಬೋಗಿಗಳು ಬೇಕು. ರಾಶಿ ಹಾಕಿದರೆ ಒಳಗೊಳಗೇ ಬಿಸಿಯಾಗುತ್ತದೆ, ಅದರ ಧೂಳು ಸಿಡಿಯುತ್ತದೆ. 2012ರಲ್ಲಿ ಅದೇ ದೇಶದ ಟಿಲ್ಬರಿ ಸ್ಥಾವರದಲ್ಲಿ ಪೆಲೆಟ್ ದಾಸ್ತಾನಿಗೆ ಬೆಂಕಿ ಬಿದ್ದಿತ್ತು. ಜೊತೆಗೆ ಒಂದು ಟನ್ ಕಲ್ಲಿದ್ದಲಿನ ಕೆಲಸಕ್ಕೆ ಸುಮಾರು ಒಂದೂವರೆ ಟನ್ ಪೆಲೆಟ್ ಬೇಕು.

ಡ್ರಾಕ್ಸ್‌ನ ಪೆಲೆಟ್ ಬಹುಪಾಲು ಅಟ್ಲಾಂಟಿಕ್ ದಾಟಿ, ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತದೆ. ನನ್ನ ತಕರಾರಿರುವುದು ಸಮಯದ ಬಗ್ಗೆ. ಗರಗಸದ ಹುಡಿ ಹೇಗೂ ಕೊಳೆತು ಕೆಲವೇ ವರ್ಷಗಳಲ್ಲಿ ಇಂಗಾಲ ಬಿಡುತ್ತಿತ್ತು, ಉರಿಸಿದರೆ ನಷ್ಟವಿಲ್ಲ. ನಿಂತ ಮರವನ್ನೇ ಕಡಿದು ಉರಿಸಿದರೆ, ಆ ಇಂಗಾಲವನ್ನು ಹೊಸ ಸಸಿ ಹೀರಿಕೊಳ್ಳಲು ದಶಕಗಳು ಬೇಕು. ಹವಾಮಾನ ಅಷ್ಟು ದಿನ ಸಾಲ ಕೊಟ್ಟು ಕಾಯುವುದಿಲ್ಲ. ಬ್ರಿಟಿಷ್ ಸರ್ಕಾರವೂ 2025ರಲ್ಲಿ ಕೈ ಬಿಗಿ ಮಾಡಿತು: 2027ರ ನಂತರ ಡ್ರಾಕ್ಸ್‌ಗೆ ಸಹಾಯಧನ ಸುಮಾರು ಅರ್ಧ, ಓಡುವುದೂ ತನ್ನ ಸಾಮರ್ಥ್ಯದ ಗರಿಷ್ಠ ಶೇ 27ರಷ್ಟು ಮಾತ್ರ.

ನಮ್ಮ ದೇಶದ ದಾರಿ ಬೇರೆ. ಪೂರ್ತಿ ಬದಲಾಯಿಸದೆ ಕಲ್ಲಿದ್ದಲಿನ ಜೊತೆ ಕೃಷಿ ತ್ಯಾಜ್ಯದ ಪೆಲೆಟ್ ಬೆರೆಸುವುದು. ಕೇಂದ್ರ ಸರ್ಕಾರದ 2021ರ ನೀತಿ ಶೇ 5ರಷ್ಟು ಬೆರಕೆಯಿಂದ ಶುರುಮಾಡಿತು. ಪಂಜಾಬಿನಲ್ಲಿ ಗದ್ದೆಯಲ್ಲೇ ಸುಡುವ ಕೂಳೆಗೆ ಇದು ಒಳ್ಳೆಯ ದಾರಿ ಎಂದೇ ನನ್ನ ನಂಬಿಕೆ. ಆದರೆ ಭತ್ತದ ಹುಲ್ಲಿನಲ್ಲಿ ಪೊಟ್ಯಾಷಿಯಂ, ಕ್ಲೋರಿನ್ ಜಾಸ್ತಿ. ಬೂದಿ ಕರಗಿ ಬಾಯ್ಲರ್ ಕೊಳವೆಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಪ್ರಮಾಣ ಏರಿಸುವುದು ಸುಲಭವಲ್ಲ. ನಮ್ಮ ರಾಯಚೂರು, ಬಳ್ಳಾರಿಯ ಸ್ಥಾವರಗಳ ಸುತ್ತ ಭತ್ತವೇನೋ ಧಾರಾಳ. ಆದರೆ ಅಲ್ಲಿನ ಹುಲ್ಲು ಬಣವೆಯಾಗಿ ಬೇಸಿಗೆಯಲ್ಲಿ ದನಗಳ ಹೊಟ್ಟೆ ತುಂಬಿಸುತ್ತದೆ. ಅದು ಬಾಯ್ಲರಿಗೆ ಹೋಗುವ ಮೊದಲು ಮೇವಿನ ಲೆಕ್ಕ ಆಗಬೇಕು.