‘ಮುಳುಗಿ ಸಾವು’ ಎಂಬುದರ ಹಿಂದಿನ ಕೊಂಡಿಗಳು: ಸ್ಕೂಬಾ ಅಪಘಾತಗಳ ಅಧ್ಯಯನ ಟಿಪ್ಪಣಿ

ಸ್ಕೂಬಾ ಅಪಘಾತದಲ್ಲಿ ಮೃತಪಟ್ಟವರ ಮರಣೋತ್ತರ ವರದಿಯಲ್ಲಿ ಬಹುಪಾಲು ‘ನೀರಿನಲ್ಲಿ ಮುಳುಗಿ ಸಾವು’ ಎಂದೇ ಇರುತ್ತದೆ. ನೀರಿನಡಿಯಲ್ಲಿ ಪ್ರಜ್ಞೆ ತಪ್ಪಿದವರಿಗೆ ಕೊನೆಗೆ ಆಗುವುದು ಅದೇ ಆದ್ದರಿಂದ, ಕಲಿಯುವವರಿಗೆ ಆ ಸಾಲಿನಿಂದ ಏನೂ ದಕ್ಕುವುದಿಲ್ಲ. ಡೈವರ್‌ಗಳ ಸುರಕ್ಷತಾ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಂಶೋಧಕರು 1992ರಿಂದ 2003ರವರೆಗಿನ 947 ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಅಪಘಾತವನ್ನು ನಾಲ್ಕು ಕೊಂಡಿಗಳಾಗಿ ಬಿಡಿಸಿ ನೋಡುತ್ತದೆ: ತೊಂದರೆ ಶುರುವಾದದ್ದು ಯಾವುದರಿಂದ, ಅದನ್ನು ಅಪಾಯಕ್ಕೆ ತಿರುಗಿಸಿದ್ದು ಯಾವುದು, ಡೈವರನ್ನು ಅಸಹಾಯಕರನ್ನಾಗಿಸಿದ ದೈಹಿಕ ಆಘಾತ ಯಾವುದು, ಸಾವಿನ ಕಾರಣ ಯಾವುದು.

ಒಂದು ಸರಪಳಿಯನ್ನು ಹೀಗೆ ಓದಬಹುದು. ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತದೆ. ಡೈವರ್ ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತಾರೆ. ಶ್ವಾಸಕೋಶದಲ್ಲಿ ಹಿಗ್ಗಿದ ಗಾಳಿ ಅಂಗಾಂಶವನ್ನು ಹರಿದು, ರಕ್ತನಾಳ ಸೇರಿ, ಮಿದುಳಿಗೆ ಹೋಗುತ್ತದೆ. ಪ್ರಜ್ಞೆ ತಪ್ಪಿ ಮುಳುಗುತ್ತಾರೆ. ಮೊದಲ ಕೊಂಡಿ ತಿಳಿದುಬಂದ ಪ್ರಕರಣಗಳಲ್ಲಿ ಶೇ. 41ರಷ್ಟು ಗಾಳಿಯ ಕೊರತೆಯಿಂದಲೇ ಶುರುವಾಗಿದ್ದವು, ಸಿಕ್ಕಿಹಾಕಿಕೊಂಡದ್ದು ಶೇ. 20, ಸಲಕರಣೆಯ ತೊಂದರೆ ಶೇ. 15. ಎರಡನೆಯ ಕೊಂಡಿಯಲ್ಲಿ ಶೇ. 55ರಷ್ಟು ತುರ್ತಾಗಿ ಮೇಲೇರಿದ ಪ್ರಕರಣಗಳು.

ಆದ್ದರಿಂದ ‘ಎಷ್ಟು ಗಾಳಿ ಉಳಿದಾಗ ಮೇಲೇರಲು ಶುರುಮಾಡಬೇಕು’ ಎಂಬ ಲೆಕ್ಕವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಇಲ್ಲಿ ತೊಡಕಾಗುವುದು ಒತ್ತಡ. 30 ಮೀಟರ್ ಆಳದಲ್ಲಿ ನೀರಿನ ಒತ್ತಡ 3 ಬಾರ್ (ಬಾರ್ ಎಂದರೆ ಒತ್ತಡದ ಅಳತೆ). ಅದರ ಮೇಲೆ ವಾತಾವರಣದ 1 ಬಾರ್ ಸೇರಿ ಒಟ್ಟು 4. ಸುತ್ತಲಿನ ಒತ್ತಡಕ್ಕೆ ಸಮನಾದ ಒತ್ತಡದ ಗಾಳಿಯನ್ನೇ ಉಸಿರಾಡಬೇಕು. ಹೀಗಾಗಿ ದಡದಲ್ಲಿ ನಿಮಿಷಕ್ಕೆ 1 ಲೀಟರ್ ಸಾಕಾಗುವ ಕಡೆ ಅಲ್ಲಿ 4 ಲೀಟರ್ ಬೇಕು. ನಮ್ಮ ಬಡ್ಡಿಯ (ಜೊತೆಗೆ ಇಳಿದ ಡೈವರ್) ಗಾಳಿ ಮುಗಿದು ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡುತ್ತಿದ್ದೇವೆ ಎಂದುಕೊಳ್ಳೋಣ. ಗಾಬರಿಯಲ್ಲಿ ತಲಾ 30ರಂತೆ ನಿಮಿಷಕ್ಕೆ 60 ಲೀಟರ್ ಹಿಡಿಯೋಣ. ಕೆಳಗೇ ಪರಸ್ಪರ ಹಿಡಿದುಕೊಂಡು ಸಾವರಿಸಿಕೊಳ್ಳಲು 1 ನಿಮಿಷ: 60×4, ಅಂದರೆ 240. ನಿಮಿಷಕ್ಕೆ 10 ಮೀಟರಿನಂತೆ ಮೇಲೇರಲು 3 ನಿಮಿಷ. ಒತ್ತಡ 4ರಿಂದ 1ಕ್ಕೆ ಇಳಿಯುವುದರಿಂದ ಸರಾಸರಿ 2.5: 60×2.5×3, ಅಂದರೆ 450. ಜೊತೆಗೆ 5 ಮೀಟರಿನಲ್ಲಿ 3 ನಿಮಿಷದ ಸುರಕ್ಷತಾ ನಿಲುಗಡೆ: 60×1.5×3, ಅಂದರೆ 270. ಒಟ್ಟು 960 ಲೀಟರ್. 12 ಲೀಟರಿನ ಸಿಲಿಂಡರಿನಲ್ಲಿ ಅದು 960÷12, ಅಂದರೆ 80 ಬಾರ್.

‘50 ಬಾರ್ ಉಳಿದಾಗ ಮೇಲೆ ಬನ್ನಿ’ ಎಂದು ಕಂಠಪಾಠ ಮಾಡಿದವರಿಗೆ ಈ 80 ಆತಂಕ ಹುಟ್ಟಿಸಬೇಕು. ನೇತ್ರಾಣಿಯಲ್ಲಿ 15 ಮೀಟರಿಗೆ ಇಳಿದವರಿಗೆ ಇದೇ ಲೆಕ್ಕ ಹಾಕಿದರೆ ಸುಮಾರು 48 ಬಾರ್ ಬರುತ್ತದೆ, ಅಲ್ಲಿ 50 ಹೇಗೋ ಸಾಕು. ಆಳ ದುಪ್ಪಟ್ಟಾದಾಗ ಸಾಲದು. 30 ಮೀಟರಿನಿಂದ ಬರುವಾಗ ತುರ್ತಿನಲ್ಲಿ ನಿಲುಗಡೆಯನ್ನು ಬಿಟ್ಟರೆ 58 ಬಾರ್ ಆಗುತ್ತದೆ. ಆಗಲೂ 50 ಕಡಿಮೆಯೇ.

ಹೃದಯದ ತೊಂದರೆ ಬೇರೆಯೇ ದಾರಿ. ಮೂರನೆಯ ಕೊಂಡಿಯಾದ ದೈಹಿಕ ಆಘಾತ ಗುರುತಿಸಲಾದ ಪ್ರಕರಣಗಳಲ್ಲಿ ಅದರ ಪಾಲು ಶೇ. 26, ಅದಕ್ಕೆ ವೈದ್ಯಕೀಯ ತಪಾಸಣೆ ಬೇಕು, ಗಾಳಿಯ ಲೆಕ್ಕದಿಂದ ಉಪಯೋಗವಿಲ್ಲ.

ಇನ್ನೊಂದು ವಿವರ ವರದಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ: ಕೆಳಗಿಳಿಯಲು ಕಟ್ಟಿಕೊಂಡ, ತುರ್ತಿನಲ್ಲಿ ಬಿಚ್ಚಿ ಬಿಡಬೇಕಾದ ತೂಕದ ಬೆಲ್ಟ್ ಶವ ಸಿಕ್ಕಾಗ ಸೊಂಟದಲ್ಲೇ ಇರುತ್ತದೆ. ನೀರಿನ ಮೇಲ್ಮೈಗೆ ಬಂದ ಮೇಲೂ ತೇಲಲಾಗದೆ ಮತ್ತೆ ಮುಳುಗಿದವರಿದ್ದಾರೆ. ಬಾಡಿಗೆಯ ಸಲಕರಣೆಗಳಲ್ಲಿ ಕೆಲವದರ ತೂಕ ಸೊಂಟದ ಬೆಲ್ಟಿನಲ್ಲಿ, ಕೆಲವದರದು ಜಾಕೆಟ್ಟಿನ ಜೇಬಿನಲ್ಲಿ ಇರುವುದರಿಂದ, ಬಿಡಿಸುವ ಕೊಕ್ಕೆ ಎಲ್ಲಿದೆಯೆಂದು ದೋಣಿಯಲ್ಲೇ ಕಣ್ಣುಮುಚ್ಚಿ ಕೈಯಿಂದ ತಡಕಿ ನೋಡಬೇಕು, ಬಡ್ಡಿಯದ್ದನ್ನೂ ಹಾಗೆಯೇ.